ಅಲೀಪುರದಿಂದ ಶಿರಾಜ್‌ಗೆ, ನಂದಿ ಮಾರ್ಗವಾಗಿ

ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕೆ ಇರಾನ್ ಅಂಥ ದೂರದ ದೇಶವೇನಲ್ಲ. ಶಿಯಾ ಮುಸ್ಲಿಮರೇ ಹೆಚ್ಚಿರುವ ಊರು. ಇಲ್ಲಿನ ಹುಡುಗರು ಧರ್ಮಶಾಸ್ತ್ರ ಓದಲು ಅಲ್ಲಿಗೆ ಹೋಗಿಬರುವುದುಂಟು. ಆ ದೇಶದ ಶಿರಾಜ್ ನಗರದಲ್ಲಿ ಹಾಫಿಜ್, ಸಾದಿ ಕವಿಗಳ ಸಮಾಧಿಗಳಿವೆ. ಆದರೆ ನೀವು ಅಲೀಪುರದಿಂದ ಬೆಂಗಳೂರಿನ ಕಡೆ ಹೊರಟು, ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟ ಹೊಕ್ಕಿರೋ, ಅಲ್ಲಿ ಶಿರಾಜ್ ಎಂದರೆ ವೈನ್ ದ್ರಾಕ್ಷಿಯ ಒಂದು ಬಳ್ಳಿ.

ಈ ಬಳ್ಳಿ ಪರ್ಷಿಯಾದಿಂದಲೇ ಹೊರಟಿತೆಂಬ ಕಥೆ ಬಹಳ ಕಾಲ ನಡೆಯಿತು. 1990ರ ದಶಕದ ಕೊನೆಗೆ ಡಿಎನ್‌ಎ ಪರೀಕ್ಷೆ ಅದಕ್ಕೆ ತೆರೆ ಎಳೆಯಿತು. ಹೆತ್ತವರಿಬ್ಬರೂ ಫ್ರಾನ್ಸಿನ ಆಗ್ನೇಯ ಭಾಗದವರು. ಡ್ಯುರೆಜಾ, ಮೊಂಡ್ಯೂಜ್ ಬ್ಲಾಂಶ್ ಎಂಬ ಹೆಸರಿನ, ಯಾರೂ ಹೆಚ್ಚು ಕೇಳಿರದ ಬಡಪಾಯಿ ತಳಿಗಳು. ರಾಜಗಾಂಭೀರ್ಯದ ಕ್ಯಾಬರ್ನೆ ಸುವಿನ್ಯೋನ್‌ನ ಗುಟ್ಟೂ 1997ರಲ್ಲಿ ಬಯಲಾಯಿತು: ಕಪ್ಪು ಕ್ಯಾಬರ್ನೆ ಫ್ರಾಂಕ್, ಬಿಳಿ ಸುವಿನ್ಯೋನ್ ಬ್ಲಾಂಕ್‌ಗಳ ಕೂಸು. ಜಾತಕ ತೋರಿಸದೆ, ಯಾರದೋ ತೋಟದ ಮೂಲೆಯಲ್ಲಿ ನಡೆದ ಮದುವೆ.

ಇಷ್ಟಾದರೂ ವೈನ್ ಸೀಸೆಯ ಮೇಲೆ ಕುಲದ ಹೆಸರು ದಪ್ಪಕ್ಷರದಲ್ಲೇ ಇರುತ್ತದೆ. ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಬೆಂಗಳೂರು ಬ್ಲೂ ದ್ರಾಕ್ಷಿಗೆ ಆ ಭಾಗ್ಯ ಕಡಿಮೆ. ಕಲ್ಲುಕಂಬ, ತಂತಿಯ ಚಪ್ಪರದಡಿ ಗೊಂಚಲುಗೊಂಚಲಾಗಿ ತೂಗುವ ಈ ನೇರಳೆ ಬಣ್ಣದ ಹಣ್ಣಿಗೆ ಬೀಜ ಉಂಟು, ಸಿಪ್ಪೆ ದಪ್ಪ. ಹಿಂಡಿದರೆ ತಿರುಳು ಪುಳಕ್ಕನೆ ಬಾಯಿಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಜ್ಯೂಸಿಗೆ, ಜಾಮಿಗೆ, ಅಗ್ಗದ ಸಿಹಿ ವೈನಿಗೆ ಇದನ್ನು ಬಿಟ್ಟರಿಲ್ಲ. ಭೌಗೋಳಿಕ ಗುರುತು ಪಡೆದದ್ದು 2013ರಷ್ಟು ತಡವಾಗಿ.

ಇದರ ಮೈಯಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿದೆ ಎಂಬುದೇ ಪಂಡಿತರ ಆಕ್ಷೇಪ. ನನಗೆ ಇದು ತಮಾಷೆ ಎನಿಸುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಫ್ರಾನ್ಸಿನ ತೋಟಗಳ ಬೇರನ್ನೇ ತಿಂದುಹಾಕಿದಾಗ, ಅಮೆರಿಕದ ಬೇರಿಗೆ ಕಸಿ ಕಟ್ಟಿಯೇ ಬಳ್ಳಿಗಳು ಬದುಕಿದ್ದು. ಇಂದಿಗೂ ನಮ್ಮ ನಾಡಿನ ಬಹಳಷ್ಟು ದ್ರಾಕ್ಷಿ ತೋಟಗಳಲ್ಲಿ ನೆಲದೊಳಗಿರುವುದು ಡಾಗ್‌ರಿಡ್ಜ್ ಎಂಬ ಬೇರು, ಅದೂ ಅಮೆರಿಕದ್ದೇ. ಮೇಲೆ ಕೋಟು ತೊಟ್ಟು, ಕಾಲಿಗೆ ಸಾಲದ ಚಪ್ಪಲಿ ಮೆಟ್ಟಿದ ಮದುಮಗನ ಹಾಗೆ.

ಬೇರು ಒಂದೇ ಆದರೂ ಬದುಕು ಬೇರೆ. ಫ್ರಾನ್ಸಿನಲ್ಲಿ ಚಳಿಗೆ ಎಲೆ ಉದುರಿ ಬಳ್ಳಿ ನಿದ್ದೆ ಹೋಗುತ್ತದೆ. ಇಲ್ಲಿ ನಿದ್ದೆಯೇ ಇಲ್ಲ. ಕತ್ತರಿ ಹಿಡಿದು ಸವರಿದರೆ ಮತ್ತೆ ಚಿಗುರು. ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಫಸಲೂ ಕೊಡುತ್ತದೆ.

ಅದರ ಗಾಢ ಪರಿಮಳಕ್ಕೆ ವೈನ್ ಬಲ್ಲವರು ನರಿವಾಸನೆ ಎಂದು ಮೂಗು ಮುರಿಯುತ್ತಾರೆ. ನರಿಯ ವಿಷಯ ನಮಗೂ ಗೊತ್ತು, ಒಂದನೇ ಕ್ಲಾಸಿನಿಂದ. ಆದರೆ ಅದು ಹಾರಿದ್ದು ನಮ್ಮ ಕಡೆಯ ಚಪ್ಪರಕ್ಕೇ ಆಗಿದ್ದರೆ, ಪಾಪ, ಹುಳಿ ಎಂದದ್ದರಲ್ಲಿ ಸುಳ್ಳೇನಿತ್ತು?