ಬೆನ್ನಿನ ನಾಮ

ಹಿಂದೆ ಅಟ್ಲಾಸ್ ಸೈಕಲ್ ಕೊಂಡರೆ ಮಡ್‌ಗಾರ್ಡು ಜೊತೆಗೇ ಬರುತ್ತಿತ್ತು. ಜಯನಗರದ ನಮ್ಮ ಭಾವ ಅದು ಇಲ್ಲದ ಸೈಕಲ್ಲಿಗೆ 90 ಸಾವಿರ ಕೊಟ್ಟರು. “ರೇಸ್ ಸೈಕಲ್ಲಿಗೆ ಅದೆಲ್ಲ ಭಾರ ಕಣೋ” ಎಂದರು. ಹೊಟ್ಟೆಯ ವಿಷಯ ನಾನು ಎತ್ತಲಿಲ್ಲ.

ಜೂನ್ ಬಂತು. ಮೊದಲ ಮಳೆಗೇ ಹಿಂದಿನ ಚಕ್ರ ಅವರ ಸೊಂಟದಿಂದ ಕಾಲರಿನವರೆಗೆ ಕೆಸರಿನ ಉದ್ದನೆ ಗೀಟು ಎಳೆಯಿತು. ಅಕ್ಕ ನೋಡಿ, “ಹಣೆಗೆ ನಾಮ ಇಟ್ಕೊಳ್ಳಿ ಅಂದ್ರೆ ನಾಚಿಕೆ, ಬೆನ್ನಿಗಾದ್ರೆ ಆಗತ್ತೆ” ಎಂದಳು.

ಸೈಕಲ್ ಶಾಪಿನವನು ಕೈ ಚೆಲ್ಲಿದ. “ಬೋಲ್ಟ್ ಹಾಕಕ್ಕೆ ತೂತೇ ಬಿಟ್ಟಿಲ್ಲ ಸಾರ್. ಫೋರ್ಕು ಕಾರ್ಬನ್ನು, ಕೊರೆಯಂಗೂ ಇಲ್ಲ. ಇದಕ್ಕಾಗಲ್ಲ.”

ಆಗಲ್ಲ ಎಂದರೆ ಭಾವನಿಗೆ ವೀಳ್ಯ ಕೊಟ್ಟು ಕರೆದಂತೆ. ಬೀದಿಗೊಬ್ಬರು ಇಂಥವರು ಇರುತ್ತಾರೆ: ಸೋರುವ ನಲ್ಲಿಗೆ ಪ್ಲಂಬರನ್ನು ಕರೆಯದೆ, ಇಡೀ ಮನೆಯನ್ನು ಸೋರಿಸುವವರು.

ಭಾನುವಾರ ಪೋರ್ಟಿಕೋದಲ್ಲಿ ಸೈಕಲ್ಲು ಶೀರ್ಷಾಸನ ಹಾಕಿತು. ತೂತಿಲ್ಲದ ಕಡೆ ಪೈಪಿಗೆ ಹಾಕುವ ಕ್ಲಾಂಪು, ಫೋರ್ಕಿಗೆ ಗೀರು ಬೀಳದಂತೆ ಒಳಗೆ ರಬ್ಬರು. ಆ ರಬ್ಬರು ಕುಕ್ಕರಿನ ಗ್ಯಾಸ್ಕೆಟ್ಟಿನದೆಂದು ಅಕ್ಕನಿಗೆ ತಿಳಿದದ್ದು ಮಧ್ಯಾಹ್ನ ವಿಷಲ್ ಬಾರದಿದ್ದಾಗ. ಉಳಿದ ಕಡೆಯೆಲ್ಲ ಕೇಬಲ್ ಟೈ.

ಮುಂದಿನ ಚಕ್ರದಲ್ಲಿ ಕಥೆ ನಿಂತಿತು. 25 ಮಿಲಿಮೀಟರಿನ ಟೈರಿಗೂ ಮೇಲಿನ ಬ್ರೇಕಿಗೂ ನಡುವೆ ಎರಡು ರೂಪಾಯಿ ನಾಣ್ಯ ತೂರಿದರೆ ಪುಣ್ಯ. ಭಾವ ಗಲ್ಲ ಕೆರೆದುಕೊಂಡರು. ಆಮೇಲೆ ಮಡ್‌ಗಾರ್ಡನ್ನು ಜರಾಸಂಧನಂತೆ ಎರಡು ಹೋಳು ಮಾಡಿ ಬ್ರೇಕಿನ ಮುಂದೊಂದು, ಹಿಂದೊಂದು ಕಟ್ಟಿದರು. ಚಕ್ರ ತಿರುಗಿಸಿದರೆ ಚರ್ ಚರ್ ಸದ್ದು. “ಸವೆದ್ರೆ ಸರಿಹೋಗತ್ತೆ” ಎಂದರು. ಹ್ಯಾಂಡಲ್ ತಿರುಗಿಸಿದರೆ ಬೂಟಿನ ತುದಿ ಮಡ್‌ಗಾರ್ಡಿಗೆ ಬಡಿಯುತ್ತಿತ್ತು. “ತಿರುವಿನಲ್ಲಿ ಪೆಡಲ್ ತುಳೀಬಾರದು, ಅಷ್ಟೇ.”

ಸೋಮವಾರ ಮಳೆ ಹಿಡಿಯಿತು. ಭಾವ ಆಸೆಯಿಂದಲೇ ಹೊರಟರು. ಮೊದಲ ಹಂಪಿಗೇ ಜರಾಸಂಧನ ಮುಂದಿನ ಹೋಳು ಕಳಚಿ ಮೋರಿ ಸೇರಿತು. ಹಿಂದಿನ ಹೋಳು ಮಾತ್ರ ನಿಷ್ಠೆಯಿಂದ ಕೆಲಸ ಮಾಡಿತು: ಚಕ್ರ ಎತ್ತಿದ ಕೆಸರನ್ನೆಲ್ಲ ಸೋರದಂತೆ ಹಿಡಿದು, ಬ್ರೇಕಿನ ಹತ್ತಿರ ತಂದು, ಮುಂದಕ್ಕೆ ಚಿಮ್ಮಿತು. ಚಿಮ್ಮಿದ್ದಕ್ಕೆ ಎದುರಾಗಿ ಭಾವನೇ ಜೋರಾಗಿ ಹೋಗುತ್ತಿದ್ದರು.

ಮನೆಗೆ ಬಂದವರು ಮೊದಲು ಮಾಡಿದ್ದು, ನಮಗೆ ಬೆನ್ನು ತಿರುಗಿಸಿ ನಿಂತದ್ದು. “ನೋಡ್ರೋ, ಒಂದು ಚುಕ್ಕಿ ಇದ್ರೆ ಹೇಳಿ!”

ಅಕ್ಕ ತೋಳು ಹಿಡಿದು ಅವರನ್ನು ಇತ್ತ ತಿರುಗಿಸಿದಳು. ಮೂಗಿನ ಬುಡದಿಂದ ಹೆಲ್ಮೆಟ್ಟಿನ ಅಂಚಿನವರೆಗೆ ದಪ್ಪನೆ ಗೀಟು.

“ಸದ್ಯ, ಈಗ ಇಡೋ ಜಾಗಕ್ಕೇ ಇಟ್ಕೊಂಡಿದೀರಿ.”