ಕ್ಲಿಯರ್ ಮಾಸ್ತರು

ಊರಿಗೊಬ್ಬರು ನಾಡಿ ನೋಡುವವರು, ಊರಿಗೊಬ್ಬರು ಜಾತಕ ನೋಡುವವರು ಇದ್ದ ಕಾಲವೊಂದಿತ್ತು. ಈಗ ಊರಿಗೊಬ್ಬರು ಕುಕೀಸ್ ನೋಡುವವರೂ ಇದ್ದಾರೆ. ಭಟ್ಕಳದ ಹತ್ತಿರದ ಹೆಬಳೆಯಲ್ಲಿ ಆ ಹುದ್ದೆಯನ್ನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರೊಬ್ಬರು ವಹಿಸಿಕೊಂಡಿದ್ದಾರೆ. ಯಾರೂ ನೇಮಿಸಿದ್ದಲ್ಲ. ಸಂಬಳವಿಲ್ಲ, ರಜೆಯೂ ಇಲ್ಲ. ಅವರ ನಿಜವಾದ ಹೆಸರು ಪಿಂಚಣಿ ಪುಸ್ತಕದಲ್ಲಿ ಭದ್ರವಾಗಿದೆ. ಊರಿನ ಬಾಯಲ್ಲಿ ಮಾತ್ರ ಅವರು 'ಕ್ಲಿಯರ್ ಮಾಸ್ತರು'.

ಕಂಪ್ಯೂಟರಿನ ಯಾವ ಕಾಯಿಲೆಗೂ ಅವರಲ್ಲಿ ಒಂದೇ ಔಷಧಿ. ಪಹಣಿ ಬರುತ್ತಿಲ್ಲವೇ? "ಕುಕೀಸ್ ಕ್ಲಿಯರ್ ಮಾಡಿದ್ರಾ?" ಕರೆಂಟ್ ಬಿಲ್ಲಿನ ಪುಟ ತೆರೆಯುತ್ತಿಲ್ಲವೇ? "ಕುಕೀಸ್ ಕ್ಲಿಯರ್ ಮಾಡಿದ್ರಾ?" ಪ್ರಿಂಟರಿನೊಳಗೆ ಕಾಗದ ಸಿಕ್ಕಿಕೊಂಡಿದೆಯೇ? "ಎಂತದಕ್ಕೂ ಒಮ್ಮೆ ಕುಕೀಸ್ ಕ್ಲಿಯರ್ ಮಾಡಿ ನೋಡುವ ಮಾರಾಯ್ರೆ." ತೆಂಗಿನಗುಂಡಿ ಬಂದರಿನಲ್ಲಿ ಬೋಟಿನವರೊಬ್ಬರ ಜಿಪಿಎಸ್ ಕೈಕೊಟ್ಟಾಗಲೂ ಮಾಸ್ತರು ಇದೇ ಸಲಹೆ ಕೊಟ್ಟರಂತೆ. ಬೋಟಿನವರು ಪೂರ್ತಿ ಕೇಳಿಸಿಕೊಂಡು, "ಹೌದು ಮಾಸ್ತರ್ರೇ" ಎಂದು ತಲೆಯಾಡಿಸಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿದರಂತೆ.

ಹಾಗೆಂದು ಮಾಸ್ತರ ಔಷಧಿ ಪೂರಾ ಸುಳ್ಳೂ ಅಲ್ಲ. ಊರಿನ ಆನ್‌ಲೈನ್ ಸೆಂಟರಿನಲ್ಲಿ ಒಮ್ಮೆ ಹುಡುಗಿಯೊಬ್ಬಳ ಸ್ಕಾಲರ್‌ಶಿಪ್ ಅರ್ಜಿ ಲಾಗಿನ್ ಪುಟದಲ್ಲೇ ಗಿರಕಿ ಹೊಡೆಯುತ್ತಿತ್ತು. ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಟ್ಟಂತೆ ಮಾಡಿ ಮತ್ತೆ ಬಾಗಿಲಿಗೇ ತಂದು ನಿಲ್ಲಿಸುತ್ತಿತ್ತು. ಅಂದೇ ಕೊನೆಯ ದಿನ. ಮಾಸ್ತರು ಬಂದರು, ಕನ್ನಡಕ ಏರಿಸಿದರು, ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದರು, 'ಆಲ್ ಟೈಮ್' ಎಂದು ಆರಿಸಿ ಎಲ್ಲವನ್ನೂ ಅಳಿಸಿದರು. ಅರ್ಜಿ ಹೋಯಿತು! ಹಳಸಿದ ಕುಕೀ ಒಂದು ಕೂತುಬಿಟ್ಟರೆ ಹೀಗಾಗುವುದುಂಟು. ಅದನ್ನು ತೆಗೆದರೆ ಪುಟ ಸರಿಹೋಗುವುದೂ ಉಂಟು. ಆದರೆ ತೆಗೆಯಬೇಕಿದ್ದದ್ದು ಆ ಒಂದು ತಾಣದ ಕುಕೀ ಮಾತ್ರ. ಮಾಸ್ತರು ಎಲ್ಲವನ್ನೂ ತೆಗೆದಿದ್ದರಿಂದ ಸೆಂಟರಿನವನು ಬೆಳಿಗ್ಗೆಯಿಂದ ಕಷ್ಟಪಟ್ಟು ತೆರೆದಿಟ್ಟುಕೊಂಡಿದ್ದ ಲಾಗಿನ್‌ಗಳೆಲ್ಲ ಒಟ್ಟಿಗೆ ಹೊರಬಿದ್ದವು. ಹುಡುಗಿ ಮಾಸ್ತರ ಕಾಲಿಗೆ ನಮಸ್ಕರಿಸಿದಳು. ಹಿಂದೆ ಸಾಲಿನಲ್ಲಿ ನಿಂತವರು ಏನು ಮಾಡಬೇಕೆಂದಿದ್ದರೋ, ಹಿರಿಯರೆಂದು ಬಿಟ್ಟರು.

ಮಾಸ್ತರು ಈ ವ್ರತ ಹಿಡಿದದ್ದಕ್ಕೆ ಕಾರಣ ಅವರ ಮೊಣಕಾಲು. ಬೆಂಗಳೂರಿನ ಮಗ ಹೊಸ ಲ್ಯಾಪ್‌ಟಾಪ್ ಕೊಂಡ ಮೇಲೆ ಹಳೆಯ ಡೆಸ್ಕ್‌ಟಾಪನ್ನು ಬಸ್ಸಿಗೆ ಹಾಕಿ ಕಳಿಸಿದ್ದ. ಅದರಲ್ಲಿ ಮಾಸ್ತರು ಮೊದಲು ಹುಡುಕಿದ್ದು ಮೊಣಕಾಲಿಗೆ ಕಟ್ಟುವ ಬೆಲ್ಟು. ನೋಡಿದರು, ರೇಟು ಜಾಸ್ತಿ ಎಂದು ಬಿಟ್ಟರು. ಬೆಲ್ಟು ಬಿಡಲಿಲ್ಲ. ಕ್ರಿಕೆಟ್ ಸ್ಕೋರ್ ನೋಡಹೋದರೆ ಪಕ್ಕದಲ್ಲಿ ಬೆಲ್ಟು. ಪಂಚಾಂಗ ತೆರೆದರೆ ತಿಥಿಗೂ ನಕ್ಷತ್ರಕ್ಕೂ ನಡುವೆ ಬೆಲ್ಟು. ಯಕ್ಷಗಾನ ಮೇಳದ ತಿರುಗಾಟದ ಪಟ್ಟಿ ಹುಡುಕಿದರೆ ಅಲ್ಲೂ ಬೆಲ್ಟು. "ನನ್ನ ಮೊಣಕಾಲಿನ ವಿಷಯ ಪಂಚಾಂಗದವನಿಗೆ ಹೇಳಿದವರು ಯಾರು?" ಎಂಬ ಪ್ರಶ್ನೆ ಅವರನ್ನು ಕಾಡಿತು. ಫೋನಿನಲ್ಲಿ ಮಗ ಉತ್ತರ ಹೇಳಿದ: "ಅಪ್ಪಾ, ಬೆಲ್ಟಿನ ಪುಟದಲ್ಲೂ ಪಂಚಾಂಗದ ಪುಟದಲ್ಲೂ ಜಾಹೀರಾತು ಹಾಕುವ ಕಂಪನಿ ಒಂದೇ. ಅದು ಅಲ್ಲಿ ಇಟ್ಟ ಕುಕೀಯನ್ನು ಇಲ್ಲಿ ಓದುತ್ತದೆ. ಇದಕ್ಕೆ ಥರ್ಡ್ ಪಾರ್ಟಿ ಕುಕೀ ಅಂತಾರೆ." ಮಾಸ್ತರು ಕೇಳಿಸಿಕೊಂಡದ್ದು 'ಕುಕೀ' ಎಂಬಲ್ಲಿಯವರೆಗೆ ಮಾತ್ರ. ಫಸ್ಟ್ ಪಾರ್ಟಿ, ಥರ್ಡ್ ಪಾರ್ಟಿ ಎಂಬ ಭೇದ ಅವರ ಕಿವಿಗೆ ಬೀಳುವ ಮೊದಲೇ ಯುದ್ಧ ಘೋಷಣೆಯಾಗಿತ್ತು.

ಗಣಿತದವರಾದ್ದರಿಂದ ಶತ್ರುವಿನ ಅಧ್ಯಯನ ಚೆನ್ನಾಗಿಯೇ ಮಾಡಿದ್ದಾರೆ. ಯಾರು ಮನೆಗೆ ಹೋದರೂ ಮೊದಲು ಚಾ, ಆಮೇಲೆ ಪಾಠ. "1994ನೇ ಇಸವಿ. ನೆಟ್‌ಸ್ಕೇಪ್ ಕಂಪನಿ. ಲೂ ಮೊಂಟುಲಿ ಅಂತ ಹುಡುಗ, ಇಪ್ಪತ್ತೈದೂ ಆಗಿರಲಿಲ್ಲ. ಅಲ್ಲಿಯವರೆಗೆ ವೆಬ್‌ಸೈಟಿಗೆ ಮರೆವಿನ ರೋಗ. ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ನೀವು ಯಾರೆಂದೇ ಅದಕ್ಕೆ ಗೊತ್ತಿಲ್ಲ. ಅಂಗಡಿ ಬುಟ್ಟಿಗೆ ಹಾಕಿದ ಸಾಮಾನು ನೆನಪಿರಬೇಕಲ್ಲ? ಅದಕ್ಕೆ ಇವ ಒಂದು ಚೀಟಿ ಮಾಡಿ ನಮ್ಮ ಕಂಪ್ಯೂಟರಿನಲ್ಲೇ ಇಟ್ಟ. ಅದೇ ಕುಕೀ. ಚೀಟಿ ಎಷ್ಟು ದೊಡ್ಡದು? ಹೆಚ್ಚೆಂದರೆ ನಾಲ್ಕು ಸಾವಿರದ ತೊಂಬತ್ತಾರು ಬೈಟು. ಎರಡರ ಹನ್ನೆರಡನೇ ಘಾತ! ಬರ್ಕೊಳ್ಳಿ." ಚಾ ಕುಡಿಯಲು ಬಂದವರು ಎಲ್ಲಿ ಬರೆದುಕೊಳ್ಳಬೇಕು? "ಎರಡು ವರ್ಷ ಯಾರಿಗೂ ಸುಳಿವಿಲ್ಲ. 1996ರ ಫೆಬ್ರವರಿಯಲ್ಲಿ ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಬರೆದ ಮೇಲೆಯೇ ಜನರಿಗೆ ಗೊತ್ತಾದದ್ದು." ಇಷ್ಟು ಹೇಳಿ ಮಾಸ್ತರು ಎದುರಿಗಿದ್ದವರನ್ನು ದಿಟ್ಟಿಸುತ್ತಾರೆ, ಆ ಎರಡು ವರ್ಷ ನೀವೇನು ಮಾಡುತ್ತಿದ್ದಿರಿ ಎನ್ನುವ ಹಾಗೆ.

ಪಾಠವಾದ ಮೇಲೆ ಪ್ರಯೋಗ. ಎಫ್ 12 ಒತ್ತಿ, ಕ್ರೋಮ್‌ನ 'ಅಪ್ಲಿಕೇಶನ್' ಎಂಬ ಕಿಟಕಿ ತೆರೆದರೆ ಆ ತಾಣದ ಕುಕೀಗಳ ಪಟ್ಟಿ ಸಾಲಾಗಿ ಬರುತ್ತದೆ: ಹೆಸರು, ಮೌಲ್ಯ, ಯಾರು ಇಟ್ಟದ್ದು, ಯಾವಾಗ ಮುಗಿಯುವುದು. ನಿವೃತ್ತಿಯ ದಿನ ಶಾಲೆಯಿಂದ ತಂದ ಹಾಜರಿ ಪುಸ್ತಕ ಮಾಸ್ತರಿಗೆ ಉಪಯೋಗಕ್ಕೆ ಬಂದದ್ದು ಈಗಲೇ. ಒಂದೊಂದು ಕುಕೀಯ ಹೆಸರನ್ನೂ ಗಟ್ಟಿಯಾಗಿ ಓದುತ್ತಾರೆ, ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಬ್ರೌಸರ್ ಮುಚ್ಚಿದೊಡನೆ ಹೋಗುವ ಸೆಷನ್ ಕುಕೀ ಅವರ ಲೆಕ್ಕದಲ್ಲಿ ವಿಧೇಯ ವಿದ್ಯಾರ್ಥಿ. ವರ್ಷ ದಾಟಿಯೂ ಕೂರುವುದು ಫೇಲಾದವ. "ಒಂದು ಕಾಲದಲ್ಲಿ ಇಪ್ಪತ್ತು ವರ್ಷದ ಕುಕೀಯೂ ಇತ್ತು. 2022ರಿಂದ ಕ್ರೋಮ್‌ನಲ್ಲಿ ನಾಲ್ಕುನೂರು ದಿವಸಕ್ಕಿಂತ ಹೆಚ್ಚು ಕೂರುವ ಹಾಗಿಲ್ಲ" ಎನ್ನುವಾಗ ಮಾಸ್ತರ ದನಿಯಲ್ಲಿ ಆ ನಿಯಮ ತಾವೇ ತಂದಷ್ಟು ತೃಪ್ತಿ.

ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಮಾಸ್ತರು ದಿನದ ಕುಕೀಸನ್ನೆಲ್ಲ ಅಳಿಸುತ್ತಾರೆ. ಒಂದು ದಿನವೂ ತಪ್ಪಿದ್ದಿಲ್ಲ. ಇದರ ಫಲ ಮರುದಿನ ಬೆಳಿಗ್ಗೆ. ಯಾವ ತಾಣಕ್ಕೂ ಅವರ ಗುರುತಿಲ್ಲ. ಇಮೇಲ್ ಪಾಸ್‌ವರ್ಡ್ ಕೇಳುತ್ತದೆ. ಬ್ಯಾಂಕಿನದು ಹೇಗೂ ಕೇಳುತ್ತದೆ; ಜೊತೆಗೆ ಒಟಿಪಿ ಕಳಿಸುತ್ತದೆ. ಮಾಸ್ತರ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಹಿತ್ತಿಲ ಬಾವಿಕಟ್ಟೆಯ ಮೇಲೆ ಮಾತ್ರ. ಮಲ್ಲಿಗೆ ಗಿಡಗಳ ನಡುವೆ ಮೊಣಕಾಲು ಎಳೆದುಕೊಂಡು ಹೋಗಿ, ಆರಂಕಿಯನ್ನು ಮಂತ್ರದಂತೆ ಜಪಿಸುತ್ತ ಒಳಗೆ ಬರುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ. ಇನ್ನು ಕೆಲವು ತಾಣಗಳು ನೀವು ಮನುಷ್ಯರೇ ಎಂದು ರುಜುವಾತು ಕೇಳುತ್ತವೆ. ಹಳೆಯ ಕುಕೀ ಇದ್ದವರನ್ನು ಅವು ಸುಲಭವಾಗಿ ಬಿಡುತ್ತವೆ. ಹೊಸಬರಂತೆ ಬರುವ ಮಾಸ್ತರಿಗೆ ಚೌಕಗಳ ಪರೀಕ್ಷೆ. ಅಮೆರಿಕದ ಬೀದಿಯಂಚಿನಲ್ಲಿ ಬೆಂಕಿ ಆರಿಸಲೆಂದು ನೆಟ್ಟ ನೀರಿನ ಕೊಳವೆ ಯಾವ ಚೌಕದಲ್ಲಿದೆ, ಒತ್ತಿ. ಹೆಬಳೆಯಿಂದ ಭಟ್ಕಳದ ಶಂಸುದ್ದೀನ್ ಸರ್ಕಲ್‌ವರೆಗೆ ಹುಡುಕಿದರೂ ಅಂಥದ್ದೊಂದು ಸಿಗದು. ಮೂವತ್ತು ವರ್ಷ ಪರೀಕ್ಷೆ ಮಾಡಿಸಿದವರು ದಿನಾ ಬೆಳಿಗ್ಗೆ ಆ ಪರೀಕ್ಷೆಯಲ್ಲಿ ನಪಾಸಾಗುತ್ತಾರೆ.

ಇದಕ್ಕಿಂತ ದೊಡ್ಡ ತಮಾಷೆ ಒಪ್ಪಿಗೆ ಕೇಳುವ ಪಟ್ಟಿಯದು. ಯುರೋಪಿನ ಕಾನೂನುಗಳ ದೆಸೆಯಿಂದ, ಅದರಲ್ಲೂ 2018ರ ಮೇ ತಿಂಗಳಲ್ಲಿ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣೆಯ ನಿಯಮ ಜಾರಿಯಾದ ಮೇಲೆ, ವಿದೇಶದ ತಾಣಗಳು ಬಾಗಿಲಲ್ಲೇ ಅಡ್ಡ ನಿಂತು ಕುಕೀ ಇಡಲೇ ಎಂದು ಕೇಳುತ್ತವೆ. 'ಎಲ್ಲಾ ಒಪ್ಪಿಗೆ' ಎಂಬ ಗುಂಡಿ ಢಾಳಾಗಿ, ದಪ್ಪಗೆ ಎದುರಿಗೇ ಇರುತ್ತದೆ. 'ಬೇಡ' ಎನ್ನುವುದು ಅದೆಲ್ಲೋ ಮೂರು ಪುಟದ ಆಚೆ ಬೂದು ಬಣ್ಣದಲ್ಲಿ. ಸಾಮಾನ್ಯರು ಒಪ್ಪಿ ಮುಂದೆ ಹೋಗುತ್ತಾರೆ. ಮಾಸ್ತರು ಒಪ್ಪುವವರಲ್ಲ. 'ನಮ್ಮ ಪಾಲುದಾರರು' ಎಂಬ ನೂರಾರು ಕಂಪನಿಗಳ ಪಟ್ಟಿಯನ್ನು ಕೊನೆಯವರೆಗೂ ಓದುತ್ತಾರೆ. "ಮಗಳ ಮದುವೆಗೂ ಇಷ್ಟು ಜನ ಕರೆದಿರಲಿಲ್ಲ" ಎಂದು ಗೊಣಗುತ್ತ ಒಬ್ಬೊಬ್ಬರಿಗೂ 'ಬೇಡ' ಒತ್ತುತ್ತಾರೆ. ಹೀಗೆ ಬೇಡ ಎಂದದ್ದನ್ನು ಆ ತಾಣ ನೆನಪಿಡುವುದು ಹೇಗೆ? ಕುಕೀಯಲ್ಲಿ! ಸಂಜೆ ಮಾಸ್ತರು ಅದನ್ನೂ ಅಳಿಸುತ್ತಾರೆ. ಬೆಳಗಾದರೆ ಅದೇ ಪಟ್ಟಿ, ಅದೇ ನೂರಾರು ಪಾಲುದಾರರು, ಅದೇ 'ಬೇಡ'. ಸುದ್ದಿ ಓದುವ ಹೊತ್ತಿಗೆ ಸುದ್ದಿ ಹಳತಾಗಿರುತ್ತದೆ.

ಚೌತಿಗೆ ಮಗ ಬರುವ ಬಸ್ಸಿನ ಟಿಕೆಟ್ ನೋಡುವಾಗಲೂ ಇದೇ ಕಥೆ. ಬೆಳಿಗ್ಗೆಗಿಂತ ದರ ಏರಿದೆ. "ನಾನು ಎರಡು ಸಲ ನೋಡಿದ್ದು ಅವನಿಗೆ ಗೊತ್ತಾಗಿದೆ, ಅದಕ್ಕೇ ಏರಿಸಿದ್ದಾನೆ" ಎಂದು ಮಾಸ್ತರು ಕುಕೀಸ್ ಅಳಿಸಿ ನೋಡಿದರು. ಅದೇ ದರ. ಇನ್‌ಕಾಗ್ನಿಟೊ ಕಿಟಕಿ ತೆರೆದರು. ಮತ್ತೂ ನೂರು ರೂಪಾಯಿ ಜಾಸ್ತಿ, ಏಕೆಂದರೆ ಅಷ್ಟರಲ್ಲಿ ಇನ್ನು ನಾಲ್ಕು ಸೀಟು ಹೋಗಿತ್ತು. ಹಬ್ಬದ ಮುಂಚೆ ದರ ಏರಿಸಲು ಬಸ್ಸಿನವರಿಗೆ ಕುಕೀ ಬೇಕಿಲ್ಲ, ಕ್ಯಾಲೆಂಡರ್ ಸಾಕು.

ಅದೇ ಮನೆಯಲ್ಲಿ, ಅದೇ ಕಂಪ್ಯೂಟರಿನಲ್ಲಿ, ಮಾಸ್ತರ ಹೆಂಡತಿ ಯಾವ ತೊಂದರೆಯೂ ಇಲ್ಲದೆ ಬಿಲ್ಲು ಕಟ್ಟುತ್ತಾರೆ, ಟಿಕೆಟ್ ಮಾಡುತ್ತಾರೆ, ಮಗಳೊಂದಿಗೆ ಮಾತಾಡುತ್ತಾರೆ. ಪ್ರಾಥಮಿಕ ಶಾಲೆಯ ಅಕ್ಕೋರಾಗಿದ್ದವರು, ಮಾತು ಕಡಿಮೆ. ಅವರದು ಫೈರ್‌ಫಾಕ್ಸ್. 2022ರಿಂದ ಆ ಬ್ರೌಸರ್ ಒಂದೊಂದು ತಾಣದ ಕುಕೀಸನ್ನೂ ಬೇರೆ ಬೇರೆಯಾಗಿಯೇ ಇಡುತ್ತದೆ. ಅಪ್ಪೆಮಿಡಿಯದು ಒಂದು ಭರಣಿ, ನಿಂಬೆಯದು ಇನ್ನೊಂದು, ಒಂದರ ಸೌಟು ಇನ್ನೊಂದಕ್ಕೆ ತಾಗುವಂತಿಲ್ಲ. ಸಫಾರಿ 2020ರಲ್ಲೇ ಥರ್ಡ್ ಪಾರ್ಟಿ ಕುಕೀಸನ್ನು ಪೂರ್ತಿ ನಿಲ್ಲಿಸಿತು. ಗೂಗಲ್ ಕೂಡ ಅದೇ ವರ್ಷ, ಎರಡು ವರ್ಷದಲ್ಲಿ ಕ್ರೋಮ್‌ನಿಂದ ತೆಗೆಯುತ್ತೇವೆ ಎಂದಿತು; ಗಡುವು ಮುಂದಕ್ಕೆ ಹಾಕುತ್ತ ಹೋಗಿ 2024ರಲ್ಲಿ ಆ ಯೋಚನೆಯನ್ನೇ ಬಿಟ್ಟಿತು. ಹೆದ್ದಾರಿ ಚತುಷ್ಪಥದ ಗಡುವುಗಳನ್ನು ನೋಡಿ ಪಳಗಿದ ಮಾಸ್ತರಿಗೆ ಇದರಿಂದ ಆಶ್ಚರ್ಯವಾಗಲಿಲ್ಲ. ಅಕ್ಕೋರು ಮಾತ್ರ ಒಮ್ಮೆ ಮೊಗ್ಗು ಕಟ್ಟುತ್ತ ಕೂತಲ್ಲಿಂದಲೇ ಹೇಳಿದ್ದರು: "ಕ್ರೋಮಿನಲ್ಲೂ ಸೆಟ್ಟಿಂಗ್ಸಿಗೆ ಹೋಗಿ ಥರ್ಡ್ ಪಾರ್ಟಿ ಬ್ಲಾಕ್ ಮಾಡ್ಲಿಕ್ಕೆ ಆಗ್ತದಂತೆ. ಒಮ್ಮೆ ಒತ್ತಿದರೆ ಸಾಕಂತೆ. ನೀವು ದಿನಾ ಯಾಕೆ ಒದ್ದಾಡುದು?" ಮಾಸ್ತರು ಉತ್ತರಿಸಲಿಲ್ಲ. ಒಮ್ಮೆ ಒತ್ತಿದರೆ ಮುಗಿಯುವ ಕೆಲಸದಿಂದ ನಿವೃತ್ತರ ಹೊತ್ತು ಕಳೆಯುವುದು ಹೇಗೆ?

ಹಾಗೆ ನೋಡಿದರೆ ಮಾಸ್ತರಿಗೆ ಆದರ್ಶವೂ ಒಬ್ಬ ನಿವೃತ್ತರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಈ ತಾರೀಖು ಮಾಸ್ತರಿಗೆ ಮದುವೆಯ ತಾರೀಖಿಗಿಂತ ಚೆನ್ನಾಗಿ ನೆನಪಿದೆ.

ಇಂಥ ಮಾಸ್ತರನ್ನು ಭಟ್ಕಳದ ಪೇಟೆಯಲ್ಲಿ ನೋಡಬೇಕು. ಬಟ್ಟೆ ಅಂಗಡಿಯ ಕೌಂಟರಿನ ಹುಡುಗ "ಸರ್, ನಂಬರ್?" ಎನ್ನುತ್ತಾನೆ. ಮಾಸ್ತರು ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಹತ್ತೂ ಅಂಕಿ ಹೇಳುತ್ತಾರೆ. ಹಿಂದೆ ನಿಂತವರು ತಪ್ಪಾಗಿ ಕೇಳಿಸಿಕೊಂಡಾರೆಂದು ಇನ್ನೊಮ್ಮೆ ಹೇಳುತ್ತಾರೆ. ಲಕ್ಕಿ ಡ್ರಾ ಡಬ್ಬಿ ಕಂಡರೆ ಹೆಸರು, ವಿಳಾಸ, ಹುಟ್ಟಿದ ದಿನ, ಅಕ್ಕೋರ ಹುಟ್ಟಿದ ದಿನ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ಹಾಕುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರತಿ ಸರಿ ಬರದಿದ್ದರೆ ಅದನ್ನು ಅಲ್ಲೇ ಬಿಟ್ಟು ಬರುತ್ತಾರೆ. ಮನೆಯ ಜಗಲಿಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ, ಏಕಾದಶಿಯ ಪಕ್ಕ, ಮೂರು ಪಾಸ್‌ವರ್ಡ್‌ಗಳಿವೆ. ಹಾಲಿನವನಿಂದ ಹಿಡಿದು ಪೋಸ್ಟಿನವನವರೆಗೆ ಎಲ್ಲರೂ ಓದಿದ್ದಾರೆ. ನಾಲ್ಕನೆಯದನ್ನು ಯಾವಾಗ ಬರೆಯುತ್ತಾರೆ ಎಂದು ಕಾಯುತ್ತಿದ್ದಾರೆ.

ಮಾಸ್ತರ ಸಿಟ್ಟಿನಲ್ಲಿ ನ್ಯಾಯವಿದೆ, ಅದು ಬಿದ್ದ ಜಾಗ ಮಾತ್ರ ತಪ್ಪು. ಡೆಸ್ಕ್‌ಟಾಪಿನ ಮುಂದೆ ಕೂರುವ ಉಳಿದವರು ಇಷ್ಟು ಮಾಡಿದರೆ ಸಾಕು. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಪ್ರೈವೆಸಿ ವಿಭಾಗಕ್ಕೆ ಹೋಗಿ ಥರ್ಡ್ ಪಾರ್ಟಿ ಕುಕೀಸ್ ನಿಲ್ಲಿಸಿ. ಒಂದು ತಾಣ ಕಾಟ ಕೊಟ್ಟರೆ ಅದೊಂದರದ್ದನ್ನೇ ಹುಡುಕಿ ಅಳಿಸಿ. ಬೇರೆಯವರ ಕಂಪ್ಯೂಟರಿನಲ್ಲಿ ಕೆಲಸ ಮಾಡಿದರೆ ಲಾಗ್ ಔಟ್ ಆಗಿಯೇ ಏಳಿ. ಇನ್ನು ಅಂಗಡಿಯಲ್ಲಿ ನಂಬರ್ ಕೇಳಿದರೆ ಕೊಡಲೇಬೇಕೆಂದಿಲ್ಲ. ಬಿಲ್ಲಿಗಾಗಿ ಮೊಬೈಲ್ ನಂಬರ್ ಕೊಡಿ ಎಂದು ಗಿರಾಕಿಯನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಸೂಚಿಸಿದೆ. "ಕೊಡುವುದಿಲ್ಲ" ಎಂದು ಮೆಲ್ಲಗೆ ಹೇಳಿ ನೋಡಿ. ಸೀರೆ ಹೇಗೂ ಕೊಡುತ್ತಾರೆ.