ಹದಿನೈದು ಗುಂಡಿಗಳ ವಿದ್ಯಾಭ್ಯಾಸ

ಒಂದೇ ಮಾತನ್ನು ದಿನಕ್ಕೆ ನೂರು ಸಲ ಆಡಬೇಕಾಗಿ ಬಂದವನು ಅದನ್ನು ಕೈಕೆಳಗಿನವನೊಬ್ಬನಿಗೆ ವಹಿಸಿ ತಾನು ನಿಶ್ಚಿಂತನಾಗಲು ಹವಣಿಸುವುದು ಮನುಷ್ಯಸ್ವಭಾವ. ಕೈಕೆಳಗೆ ಯಾರೂ ಇಲ್ಲದ ಗುಮಾಸ್ತನಿಗಾದರೋ ಆ ಭಾಗ್ಯವನ್ನು ಕರುಣಿಸಿದುದು ಟರ್ಮಿನಲ್ಲಿನ ಮೇಲ್ಸಾಲಿನ ಗುಂಡಿಗಳು. ಔರಾದ ರಸ್ತೆಯ ನಮ್ಮ ಜನವಾಡದಿಂದ ಬೆಳಗಿನ ಬಸ್ಸಿನಲ್ಲಿ ಜೋತಾಡುತ್ತ ಬೀದರಿಗೆ ಹೋಗಿ, ಹೆಸರು ಹೇಳಲೊಲ್ಲದ ಒಂದು ಕಚೇರಿಯಲ್ಲಿ ಸಂಜೆಯವರೆಗೆ ಕೂಡುತ್ತಿದ್ದ ನನ್ನ ಪಾಲಿಗೆ ಬಂದಿದ್ದುದು, ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ 1983ರಲ್ಲಿ ಹೊರತಂದ ವಿಟಿ220 ಎಂಬ ಟರ್ಮಿನಲ್ಲು.

ಅದರಲ್ಲಿ ಎಫ್6ರಿಂದ ಎಫ್20ರವರೆಗಿನ ಹದಿನೈದು ಗುಂಡಿಗಳು ವಿದ್ಯಾರ್ಥಿಗಳು. ಕಲಿಸಿದ ಆಜ್ಞೆಯನ್ನು ಶಿಫ್ಟ್ ಹಿಡಿದು ಒತ್ತಿದೊಡನೆ ಒಪ್ಪಿಸುತ್ತಿದ್ದವು. ಎಫ್1ರಿಂದ ಎಫ್5ರವರೆಗಿನವು ಮಾತ್ರ ತೆರೆಯನ್ನು ತಡೆಹಿಡಿಯುವುದೇ ಮೊದಲಾದ ಸ್ವಂತ ಉದ್ಯೋಗದಲ್ಲಿ ಮಗ್ನವಾಗಿದ್ದು ಯಾರ ಉಪದೇಶಕ್ಕೂ ಕಿವಿಗೊಡುತ್ತಿರಲಿಲ್ಲ. ಪಾಠವನ್ನಾದರೂ ಸರಳವಾಗಿ ಹೇಳಿಕೊಡುವಂತಿಲ್ಲ. ಪ್ರತಿಯೊಂದು ಅಕ್ಷರವನ್ನೂ ಹದಿನಾರರ ಲೆಕ್ಕಕ್ಕೆ ತಿರುಗಿಸಿ, 'ಪಿ'ಗೆ 70, 'ಎಸ್'ಗೆ 73, ಕೊನೆಯ ರಿಟರ್ನಿಗೆ 0ಡಿ ಎಂದು ಅಂಕಿಗಳಲ್ಲಿಯೇ ಉಣಿಸಬೇಕು. ಹದಿನೈದೂ ಗುಂಡಿಗಳಿಗೆ ಕೂಡಿ ಇದ್ದ ಸ್ಮೃತಿ 256 ಬೈಟು; ಅವಿಭಕ್ತ ಕುಟುಂಬದ ಆಸ್ತಿಯಂತೆ ಮೊದಲು ಬಂದವನು ಉದ್ದದ ಆಜ್ಞೆಯಿಂದ ಹೊಟ್ಟೆ ತುಂಬಿಸಿಕೊಂಡರೆ ಕೊನೆಯವನಿಗೆ ಉಪವಾಸವೇ ಗತಿ.

ಗುಂಡಿಗಳ ಮೇಲೆ ನಾನು ಉದ್ದನೆಯ ಕಾಗದದ ಪಟ್ಟಿಯೊಂದನ್ನು ಟೇಪಿನಿಂದ ಅಂಟಿಸಿ, 'ಜಮಾ', 'ಖರ್ಚು', 'ಖಾತೆ ನೋಡು' ಎಂದು ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದೆ. ಕರೆಂಟು ಹೋಗಿ ಬಂದಾಗ ಪಟ್ಟಿ ಇದ್ದಂತೆಯೇ ಇರುತ್ತಿತ್ತು, ಗುಂಡಿಗಳು ಮಾತ್ರ ಕಲಿತುದೆಲ್ಲವನ್ನೂ ಮರೆತು ನಿರ್ಮಲಚಿತ್ತದಿಂದ ಕುಳಿತಿರುತ್ತಿದ್ದವು. ಏಕೆಂದರೆ ಆ ಸ್ಮೃತಿ ವಿದ್ಯುತ್ತು ಇರುವಷ್ಟು ಹೊತ್ತಿನದು. ಆಗ ನಾನು ಆಜ್ಞೆಗಳನ್ನು ಅಕ್ಷರಶಃ ಕುಟ್ಟುತ್ತಿರುವುದನ್ನು ಕಿಟಕಿಯಾಚೆಯಿಂದ ನೋಡಿ ನೋಡಿ ಬೇಸತ್ತ ನಮ್ಮೂರ ಕಡೆಯ ರೈತರೊಬ್ಬರು, "ಚೀಟಿ ಮ್ಯಾಲ ಜಮಾ ಅಂತ ಬರದೀರಲ್ರೀ ಸಾಹೇಬ್ರೆ, ಅದೇ ಒತ್ರಿ!" ಎಂದರು. ತರ್ಕದಲ್ಲಿ ದೋಷವಿರಲಿಲ್ಲ. ಬಳಿಕ ಪಾಠಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟು, ಲಾಗಿನ್ ಆಗುತ್ತಲೇ, ಟರ್ಮಿನಲ್ಲು ಜೋಡಣೆಗೊಂಡಿದ್ದ ದೊಡ್ಡ ಗಣಕಯಂತ್ರವು ಅದನ್ನು ಟರ್ಮಿನಲ್ಲಿಗೆ ಓದಿ ಹೇಳುವಂತೆ ಏರ್ಪಡಿಸಲಾಯಿತು.

ಆದರೆ ಈ ಪಾಠವು ತೆರೆಗೆ ಬರುವ ಬರಹದ ದಾರಿಯಲ್ಲಿಯೇ ಬರುವುದರಿಂದ, ಯಾರೋ ಕಳುಹಿದ ಕಡತವನ್ನು ತೆರೆದು ನೋಡಿದ ಮಾತ್ರಕ್ಕೇ ಗುಂಡಿಗಳಿಗೆ ದುರ್ಬೋಧನೆ ಆಗಬಹುದಾಗಿತ್ತು. ಪಕ್ಕದ ಮೇಜಿನ ಮಹಾಶಯರು ದೀಪಾವಳಿಗೆಂದು ಕಳುಹಿದ ಶುಭಾಶಯವನ್ನು ಸಂತೋಷದಿಂದ ಓದಿ ಮುಗಿಸಿ, ಎಂದಿನಂತೆ 'ಜಮಾ' ಒತ್ತಿದೆ. ಯಂತ್ರ ನನ್ನನ್ನು ಲಾಗೌಟ್ ಮಾಡಿ ಹೊರಗಟ್ಟಿತು. ಮಹಾಶಯರು ಅತ್ಯಂತ ಗಂಭೀರರಾಗಿ ಲೆಡ್ಜರ್ ತಿರುವುತ್ತಿದ್ದರು. ಇಂಥ ಸ್ನೇಹಿತರಿರುವರೆಂಬುದನ್ನು ಊಹಿಸಿದ್ದ ನಿರ್ಮಾಪಕರು ಪಾಠಕ್ಕೆ ಬೀಗ ಹಾಕುವ ಉಪಾಯವನ್ನೂ ಇರಿಸಿದ್ದರು. ಹಾಕಿದ ಬೀಗವನ್ನು ಕೀಲಿಮಣೆಯ ಮುಂದೆ ಕುಳಿತವನು ಸೆಟ್‌ಅಪ್‌ಗೆ ಹೋಗಿಯೇ ತೆಗೆಯಬೇಕು.

ಟರ್ಮಿನಲ್ಲುಗಳು ಗುಜರಿ ಸೇರಿದರೂ, ಅವುಗಳ ವೇಷ ಧರಿಸುವ ಎಕ್ಸ್‌ಟರ್ಮ್ ಎಂಬ ತಂತ್ರಾಂಶ ಈ ಪಾಠಕ್ರಮವನ್ನು ಇಂದಿಗೂ ಬಲ್ಲುದು. ಕುತೂಹಲವುಳ್ಳ ವಾಚಕರು ಪ್ರಯತ್ನಿಸಬಹುದು. ಅಕ್ಷರಗಳನ್ನು ಮಾತ್ರ ಈಗಲೂ ಹದಿನಾರರ ಲೆಕ್ಕದಲ್ಲಿಯೇ ಕೊಡಬೇಕು.